ತಮಟೆ ಮುಂದೆ, ಕ್ಲಿಕ್ ಹಿಂದೆ: ಕೋಲಾರದ ನಮ್ಮ ಹಾಡಿನ ಕೆಲಸ ಎಲ್ಲಿಗೆ ಬಂತು

ಜೂನ್

ನಾಲ್ಕು ಹಾಡು ಮಾಡೋಣ ಅಂತ ಹೊರಟಿದ್ದೆವು. ಈಗ ಆಗಸ್ಟ್ ಕೊನೆಗೆ ಎರಡಕ್ಕೆ ಒಂದು ರೂಪ ಬಂದಿದೆ. ಒಂದನ್ನು ಕೈಬಿಟ್ಟೆವು. ನಾಲ್ಕನೆಯದು ಇನ್ನೂ ಸತಾಯಿಸುತ್ತಿದೆ.

ಗುಂಪಿಗೆ ಇನ್ನೂ ಹೆಸರಿಲ್ಲ. ಹೆಸರಿನ ಚರ್ಚೆ ಶುರುವಾದರೆ ಅವತ್ತು ನುಡಿಸುವುದು ನಿಂತುಹೋಗುತ್ತದೆ, ಹಾಗಾಗಿ ಆ ಮಾತನ್ನೇ ಎತ್ತುವುದಿಲ್ಲ. ನಾನು ಬೇಸ್ ಗಿಟಾರ್, ಮನೆ ಕೋಲಾರದ ಪೇಟೆಯಲ್ಲಿ. ಡ್ರಮ್ಸ್ ಹುಡುಗ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯವನು. ಕೀಬೋರ್ಡ್ ನುಡಿಸುವವಳಿಗೆ ಬೆಂಗಳೂರಿನಲ್ಲಿ ಕೆಲಸ, ಶನಿವಾರ ಬೆಳಗ್ಗೆ ರೈಲಿನಲ್ಲಿ ಬಂಗಾರಪೇಟೆಗೆ ಬಂದು ಇಳಿಯುತ್ತಾಳೆ. ತಮಟೆಗೆ ಮುಳಬಾಗಿಲು ಕಡೆಯ ಒಬ್ಬ ಹಿರಿಯರು ಮತ್ತು ಅವರ ಮಗ. ಹಿರಿಯರನ್ನು ನಾವೆಲ್ಲ ದೊಡ್ಡಪ್ಪ ಅಂತಲೇ ಕರೆಯುತ್ತೇವೆ. ಹಾಡಲು ಶ್ರೀನಿವಾಸಪುರ ಕಡೆಯ ಅಜ್ಜಿ. ನಾಟಿ ಪದ, ಸೋಬಾನೆ, ದೇವರ ಪದ, ಏನು ಕೇಳಿದರೂ ಅವರ ಹತ್ತಿರ ಇದೆ.

ನಾವು ಪೇಟೆಯವರು ರಘು ದೀಕ್ಷಿತ್, ಸ್ವರಾತ್ಮ ತಂಡ ಇವರನ್ನೆಲ್ಲ ಕೇಳಿಕೊಂಡು ಬೆಳೆದವರು. ಶಿಶುನಾಳ ಷರೀಫರ ಪದ ಗಿಟಾರಿನ ಜೊತೆ ಅಷ್ಟು ಚೆನ್ನಾಗಿ ಹೊಂದಿದ್ದು ನೋಡಿ ನಮಗೂ ಧೈರ್ಯ ಬಂದಿತ್ತು. ಆದರೆ ನಮಗೆ ಬೇಕಾಗಿದ್ದು ಸ್ವಲ್ಪ ಬೇರೆ. ಪದವೊಂದನ್ನೇ ಹಳ್ಳಿಯಿಂದ ತಂದರೆ ಸಾಲದು, ಬಾರಿಸುವವರೂ ತಂಡದ ಒಳಗೇ ಇರಬೇಕು. ಲಯ ಅವರ ಕೈಯಲ್ಲಿರಬೇಕು. ತುಂಬಾ ಹಾಡುಗಳಲ್ಲಿ ತಮಟೆಯನ್ನು ಒಗ್ಗರಣೆಗೆ ಮಾತ್ರ ಇಟ್ಟುಕೊಳ್ಳುತ್ತಾರೆ. ಎಲ್ಲ ಮುಗಿದ ಮೇಲೆ ಕೊನೆಗೆ ಒಂದು ಚಮಚ. ಅದು ಬೇಡ ಅಂತ ಮೊದಲೇ ಮಾತಾಡಿಕೊಂಡಿದ್ದೆವು.

ಮಾತಾಡಿಕೊಳ್ಳುವುದು ಸುಲಭ, ಅಲ್ವಾ.

ಜೂನ್ ಕೊನೆ

ರೆಕಾರ್ಡಿಂಗ್ ಮಾಡುವವರು ಯಾರೇ ಆದರೂ ಮೊದಲು ಕ್ಲಿಕ್ ಹಾಕುತ್ತಾರೆ. ಕಿವಿಯಲ್ಲಿ ಟಿಕ್ ಟಿಕ್ ಅಂತ ಒಂದೇ ವೇಗದ ಸದ್ದು, ಎಲ್ಲರೂ ಅದಕ್ಕೆ ಸರಿಯಾಗಿ ನುಡಿಸಬೇಕು. ಆಮೇಲೆ ಒಬ್ಬರು ನುಡಿಸಿದ್ದನ್ನು ಕತ್ತರಿಸಿ ಇನ್ನೊಂದು ಕಡೆ ಅಂಟಿಸುವುದಕ್ಕೆ ಅನುಕೂಲ. ದೊಡ್ಡಪ್ಪನಿಗೆ ಹೆಡ್‌ಫೋನ್ ಹಾಕಿದೆವು. ಸ್ವಲ್ಪ ಹೊತ್ತು ಕೇಳಿದರು. ಆಮೇಲೆ ತೆಗೆದು ಮಡಿಲಲ್ಲಿ ಇಟ್ಟುಕೊಂಡು, "ಯಾರಪ್ಪ ಅದು ಒಳಗೆ ಕುಂತ್ಕೊಂಡು ಟಿಕ್ ಟಿಕ್ ಅಂತಿರೋದು? ಮೊದ್ಲು ಅವನ್ನ ಆಚೆ ಕಳಿಸು" ಅಂದರು.

ಅವರು ಹೇಳಿದ್ದರಲ್ಲಿ ನ್ಯಾಯ ಇದೆ. ತಮಟೆ ಕುಣಿಸುವುದಕ್ಕೆ ಇರುವ ವಾದ್ಯ. ಕುಣಿಯುವವರ ಮೈ ಬಿಸಿಯಾದಂತೆ ವೇಗ ಏರುತ್ತದೆ. ದೊಡ್ಡಪ್ಪ ಬಾರಿಸಿದ್ದನ್ನು ಫೋನಿನಲ್ಲಿ ಹಿಡಿದು ಅಳೆದು ನೋಡಿದೆ. ಶುರುವಿನಲ್ಲಿ ನಿಮಿಷಕ್ಕೆ ತಾಳದ 100 ಏಟಿನ ಆಸುಪಾಸು ಇದ್ದದ್ದು ಕೊನೆಗೆ 130 ದಾಟಿತ್ತು. ಕೈ ಜಾರಿ ಏರಿದ್ದಲ್ಲ. ಏರುವ ಜಾಗಗಳೂ ಪ್ರತಿಸಲ ಹೆಚ್ಚುಕಡಿಮೆ ಅವೇ. ಹೆಜ್ಜೆ ಬದಲಾದ ಕಡೆಯೆಲ್ಲ ಒಂದು ಮೆಟ್ಟಿಲು.

ಅದಕ್ಕೆ ಕೆಲಸವನ್ನೇ ತಿರುಗಿಸಿದೆವು. ಮೊದಲು ತಮಟೆ, ಕ್ಲಿಕ್ ಇಲ್ಲದೆ, ಪೂರ್ತಿ ಹಾಡಿಗೆ. ಅದು ಕಂಪ್ಯೂಟರಿಗೆ ಹೋದ ಮೇಲೆ ರೀಪರ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ನಾನು ಕೂತು ಪ್ರತಿ ಆವರ್ತದ, ಅಂದರೆ ತಾಳದ ಒಂದು ಸುತ್ತಿನ, ಮೊದಲ ಏಟಿಗೆ ಒಂದೊಂದು ಗುರುತು ಹಾಕುತ್ತೇನೆ. ಆ ಗುರುತುಗಳ ಮೇಲೆ ಸಾಫ್ಟ್‌ವೇರ್ ತನ್ನ ತಾಳದ ಗೆರೆಗಳನ್ನು ಎಳೆದುಕೊಳ್ಳುತ್ತದೆ. ಈಗ ಕ್ಲಿಕ್ ತಮಟೆಯ ಹಿಂದೆ ಓಡುತ್ತದೆ, ಡ್ರಮ್ಸ್, ಬೇಸ್, ಕೀಬೋರ್ಡ್ ಆ ಕ್ಲಿಕ್ಕಿನ ಹಿಂದೆ. ಬೇಸರದ ಕೆಲಸ, ಒಂದು ಹಾಡಿಗೆ ಒಂದು ಸಂಜೆ ಹೋಗುತ್ತದೆ. ಆದರೆ ಹಾಡು ಉಸಿರಾಡುತ್ತದೆ.

ಜುಲೈ

ಇನ್ನು ಲೆಕ್ಕದ ಜಗಳ. ಇದರಲ್ಲೇ ಜಾಸ್ತಿ ಸಮಯ ಹೋಗಿದ್ದು, ಮಜಾ ಬಂದಿದ್ದೂ ಇದರಲ್ಲೇ.

ಡ್ರಮ್ಸ್ ಹುಡುಗ ನಾಲ್ಕರ ಲೆಕ್ಕದವನು. ಒಂದು ಎರಡು ಮೂರು ನಾಲ್ಕು, ಮತ್ತೆ ಒಂದು. ದೊಡ್ಡಪ್ಪನ ಕೈಯಲ್ಲಿ ಇರುವುದು ಮೂರರ ನಡೆ. ಅವರು ಲೆಕ್ಕ ಅಂತ ಬಾಯಲ್ಲಿ ಹೇಳುವುದೇ ಇಲ್ಲ. ಕೇಳಿದರೆ, "ಕೈ ನೋಡಬೇಡ, ಕಾಲು ನೋಡು" ಅನ್ನುತ್ತಾರೆ. ಬಲಗೈಯ ದಪ್ಪ ಕೋಲು ನಡುಚರ್ಮಕ್ಕೆ ಬಿದ್ದಾಗ ಕಾಲು ನೆಲಕ್ಕೆ ಬರುತ್ತದೆ. ಎಡಗೈಯ ಸಣ್ಣ ಕಡ್ಡಿ ಅಂಚಿನ ಮೇಲೆ ಬಿಡದೆ ಚಟಪಟ ಅನ್ನುತ್ತಾ ನಡುವಿನ ಜಾಗ ತುಂಬುತ್ತದೆ. ನಾಲ್ಕರ ಡ್ರಮ್ಸನ್ನು ಇದರ ಮೇಲೆ ಹಾಗೇ ಹೇರಿದರೆ ಎರಡು ಬೇರೆ ಬೇರೆ ಮದುವೆಮನೆಯ ವಾದ್ಯ ಒಟ್ಟಿಗೆ ಕೇಳಿಸುತ್ತದೆ.

ದಾರಿ ಸಿಕ್ಕಿದ್ದು ಹನ್ನೆರಡರಲ್ಲಿ. ತಕಿಟ ತಕಿಟ ತಕಿಟ ತಕಿಟ ಅಂದರೆ ಹನ್ನೆರಡು. ತಕಧಿಮಿ ತಕಧಿಮಿ ತಕಧಿಮಿ ಅಂದರೂ ಹನ್ನೆರಡು. ಒಬ್ಬರು ಮೂರರ ನಾಲ್ಕು ಕಟ್ಟು ಹಿಡಿದುಕೊಂಡು, ಇನ್ನೊಬ್ಬರು ನಾಲ್ಕರ ಮೂರು ಕಟ್ಟು ಹಿಡಿದುಕೊಂಡು ಹೋದರೆ, ಹನ್ನೆರಡು ಮುಗಿದ ಕೂಡಲೇ ಇಬ್ಬರೂ ಒಂದೇ ಜಾಗದಲ್ಲಿ ಕಾಲಿಡುತ್ತಾರೆ. ನಡುವೆ ಎಳೆದಾಟ ಇರುತ್ತದೆ. ಆ ಎಳೆದಾಟವೇ ನಮಗೆ ಬೇಕಾಗಿದ್ದು.

ಮೊದಲು ಹುಡುಗ ಡ್ರಮ್ಸಿನ ಕಿಕ್ಕನ್ನು (ಕಾಲಲ್ಲಿ ಹೊಡೆಯುವ ದೊಡ್ಡ ಡ್ರಮ್) ತಕಿಟದ ಪ್ರತಿ ತಲೆಯ ಮೇಲೆ ಇಟ್ಟು ನೋಡಿದ. ಸರಿಯಾಗಿ ಕೂತಿತು, ಸಪ್ಪೆಯಾಗಿಯೂ ಕೂತಿತು. ಗಣೇಶ ಹಬ್ಬದ ಡಿಜೆಯಲ್ಲಿ ಕೇಳುವಂಥದ್ದೇ. ಆಮೇಲೆ ಕಿಕ್ ಕಡಿಮೆ ಮಾಡಿ, ಆವರ್ತದ ತಲೆಗೆ ಮಾತ್ರ ಬಿಟ್ಟು, ಹೈಹ್ಯಾಟಿನಲ್ಲಿ (ಜೋಡಿ ಲೋಹದ ತಟ್ಟೆ) ತಕಧಿಮಿ ಹಿಡಿದ. ದೊಡ್ಡಪ್ಪ ಬಾರಿಸುತ್ತಲೇ ತಲೆ ಎತ್ತಿ ಅವನ ಕಡೆ ನೋಡಿ ನಕ್ಕರು. ಅವರ ಮಗ ಕುಣಿಯಲು ಎದ್ದ. ಎರಡನೇ ಹಾಡು ಅಲ್ಲೇ ಮುಗಿದ ಹಾಗೆ. ಬೇಸಿನಲ್ಲಿ ನಾನು ಮಾಡುತ್ತಿರುವುದು ಬಹಳ ಕಡಿಮೆ. ದಪ್ಪ ಕೋಲಿನ ಜೊತೆ ಬಿದ್ದು, ಉಳಿದ ಕಡೆ ಸುಮ್ನೆ ಇರುವುದು.

ಇದೇ ದಿನಗಳಲ್ಲಿ ಇನ್ನೊಂದು ಸಂಗತಿ ಗೊತ್ತಾಯಿತು. ಡ್ರಮ್ಸ್ ಹುಡುಗ ಕಲಿತಿದ್ದು ಚರ್ಚಿನ ಬ್ಯಾಂಡಿನಲ್ಲಿ. ಅವನ ತಾತ ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸ ಮಾಡಿದವರು. ಗಣಿಗೆ ಇಳಿಯಲು ತಮಿಳು ಸೀಮೆಯಿಂದ ಬಂದ ಜನ ತಮ್ಮ ಜೊತೆ ಪರೈ ವಾದ್ಯವನ್ನೂ ತಂದಿದ್ದರು. ಪರೈ ಅಂದರೆ ತಮಟೆಯ ಖಾಸಾ ದಾಯಾದಿ. ಅದಕ್ಕೂ ಬಳೆಯ ಮೇಲೆ ಚರ್ಮ, ಅದಕ್ಕೂ ಒಂದು ದಪ್ಪ ಕೋಲು, ಒಂದು ಸಣ್ಣ ಕಡ್ಡಿ, ಅದನ್ನೂ ಬೆಂಕಿಗೆ ಹಿಡಿದು ಕಾಯಿಸಬೇಕು. ತಾತ ಅದನ್ನು ಬಾರಿಸುತ್ತಿದ್ದರು ಅಂತ ಹುಡುಗ ಇಷ್ಟು ದಿನ ನಮಗೆ ಹೇಳಿರಲಿಲ್ಲ. ಯಾಕೆ ಹೇಳಲಿಲ್ಲ ಅಂತ ನಾವೂ ಕೇಳಲಿಲ್ಲ. ಕೆಜಿಎಫ್‌ಗೆ ಶಿವನಸಮುದ್ರದಿಂದ ಕರೆಂಟು ಬಂದಿದ್ದು 1902ರಲ್ಲಿ. ಗಣಿ ಮುಚ್ಚಿದ್ದು 2001ರಲ್ಲಿ. ಹಳ್ಳಿ ಯಾವುದು, ನಗರ ಯಾವುದು ಅಂತ ನಾವು ಮಾಡಿಕೊಂಡಿದ್ದ ಭಾಗ ನಮ್ಮ ಜಿಲ್ಲೆಯಲ್ಲಿ ಸುಲಭಕ್ಕೆ ಹೊಂದುವುದಿಲ್ಲ. ತಂಡದಲ್ಲಿ ಎಲ್ಲರಿಗಿಂತ ‘ಪೇಟೆ’ ಅನ್ನಿಸಿಕೊಂಡವನ ಮನೆಯಲ್ಲೇ ತಮಟೆ ಇತ್ತು.

ಈಗ ಅವನು ಒಂದು ಹಾಡಿನಲ್ಲಿ ಡ್ರಮ್ಸ್ ಬಿಟ್ಟು ದೊಡ್ಡಪ್ಪನ ಪಕ್ಕ ತಮಟೆ ಹಿಡಿದು ನಿಲ್ಲುತ್ತೇನೆ ಅನ್ನುತ್ತಿದ್ದಾನೆ. ಎಡಗೈ ಇನ್ನೂ ಬಗ್ಗುತ್ತಿಲ್ಲ.

ಜುಲೈ ಕೊನೆ

ಜಾಗ ಬದಲಾಯಿತು. ಮೊದಲು ನುಡಿಸುತ್ತಿದ್ದ ಸಭಾಂಗಣದವರು, "ಗಿಟಾರು, ಕೀಬೋರ್ಡು ಎಷ್ಟು ಹೊತ್ತು ಬೇಕಾದರೂ ನುಡಿಸಿ, ಸಾವಿನ ವಾದ್ಯ ಒಳಗೆ ಬೇಡ" ಅಂದರು. ಅದೇ ತಮಟೆ ಊರ ಜಾತ್ರೆಯಲ್ಲಿ ದೇವರ ಮುಂದೆ ನಡೆಯುತ್ತದೆ. ಚಿಂತಾಮಣಿ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಕೊಟ್ಟಿದ್ದು ಇದೇ ತಮಟೆಗೆ. ಸಭಾಂಗಣದವರಿಗೆ ಅದನ್ನೆಲ್ಲ ಹೇಳೋಣ ಅಂತ ನಾನು ಎದ್ದೆ. ದೊಡ್ಡಪ್ಪ ತಡೆದರು. "ಅವರಿಗೆ ವಾದ್ಯ ಅಲ್ಲ ಕಣಪ್ಪ ಬೇಡ ಅನ್ಸಿರೋದು" ಅಂದರು. ಎಲ್ಲರಿಗೂ ಅರ್ಥವಾಯಿತು. ಸಾಮಾನು ಎತ್ತಿಕೊಂಡು ಹೊರಟೆವು.

ಈಗ ಒಬ್ಬ ಗೆಳೆಯರ ರೇಷ್ಮೆ ಹುಳದ ಮನೆ. ಅವರು ಹುಳ ಸಾಕುವುದು ನಿಲ್ಲಿಸಿದ್ದಾರೆ, ಖಾಲಿ ಇದೆ. ಊರಾಚೆ ಇರುವುದರಿಂದ ಸದ್ದಿನ ತಕರಾರಿಲ್ಲ. ಮುಖ್ಯವಾಗಿ ಅಂಗಳದಲ್ಲಿ ಬೆಂಕಿ ಹಾಕಬಹುದು. ತಮಟೆಗೆ ಬೆಂಕಿ ಬೇಕೇ ಬೇಕು. ಕಾಯಿಸಿದರೆ ಚರ್ಮ ಬಿಗಿಯಾಗಿ ದನಿ ಏರುತ್ತದೆ, ಆರುತ್ತಾ ಬಂದಂತೆ ಇಳಿಯುತ್ತದೆ. ಮೋಡ ಹಾಕಿದ ದಿನ ಇನ್ನೂ ಬೇಗ. ಕೀಬೋರ್ಡಿನವಳು ಹೇರ್ ಡ್ರೈಯರ್ ತಂದು ಪ್ರಯೋಗ ಮಾಡಿದಳು. ಒಂದು ಕಡೆ ಮಾತ್ರ ಬಿಸಿಯಾಗಿ ಚರ್ಮ ಸಮ ಬರಲಿಲ್ಲ. ಫೈಬರಿನ ತಮಟೆಗೆ ಈ ರಗಳೆ ಇಲ್ಲ, ಮಳೆಯಲ್ಲೂ ಬಾರಿಸಬಹುದು. ಆದರೆ ಸದ್ದು ಬರೀ ಚೂಪು, ಅದಕ್ಕೆ ಬುಡವೇ ಇಲ್ಲ. ದೊಡ್ಡಪ್ಪನ ಮಗ ಮೆರವಣಿಗೆಗೆ ಫೈಬರ್ ಇಟ್ಟುಕೊಂಡಿದ್ದಾನೆ. ನಮ್ಮ ರೆಕಾರ್ಡಿಂಗಿಗೆ ಚರ್ಮದ್ದೇ. ಒಂದು ಹಾಡು, ಒಂದು ಬೆಂಕಿ, ಹೀಗೆ ಕ್ರಮ ಮಾಡಿಕೊಂಡಿದ್ದೇವೆ.

ಮೈಕಿನ ವಿಷಯ, ಇದನ್ನೇ ಮಾಡುವವರಿಗಾಗಿ: ತಮಟೆಗೆ ಕಂಡೆನ್ಸರ್ ಮೈಕ್ (ಸಣ್ಣ ಸದ್ದನ್ನೂ ಹಿಡಿಯುವ ಸೂಕ್ಷ್ಮ ಮೈಕ್) ಹತ್ತಿರ ಇಡಬೇಡಿ, ಸದ್ದು ಸಿಡಿಯಬಹುದು. ನಾವು ಮುಂದೆ ಒಂದು, ಹಿಂದೆ ಒಂದು, ಜೋರು ಸದ್ದು ತಡೆಯುವ ಶೂರ್ ಎಸ್‌ಎಂ57 ಇಟ್ಟೆವು. ಮುಂದಿನದು ಕಡ್ಡಿಯ ಚಟಪಟ ಹಿಡಿಯುತ್ತದೆ, ಹಿಂದಿನದು ಗುಮ್ ಅನ್ನುವ ದಪ್ಪ ಸದ್ದನ್ನು. ಚರ್ಮದ ಎರಡು ಬದಿಯಲ್ಲಿ ಮೈಕ್ ಇದ್ದರೆ ಒಂದರ ಪೊಲಾರಿಟಿ (ಸದ್ದಿನ ಅಲೆಯ ಮೇಲು-ಕೆಳಗು) ತಿರುಗಿಸಲೇಬೇಕು. ಏಟು ಬಿದ್ದಾಗ ಚರ್ಮ ಒಂದು ಮೈಕಿನಿಂದ ದೂರ ಸರಿಯುತ್ತದೆ, ಇನ್ನೊಂದರ ಹತ್ತಿರ ಬರುತ್ತದೆ. ತಿರುಗಿಸದಿದ್ದರೆ ಎರಡೂ ಒಂದನ್ನೊಂದು ತಿಂದು ಗುಮ್ ಮಾಯ.

ಆಗಸ್ಟ್

ಅಜ್ಜಿಯ ಪದ. ಶುರು ಕನ್ನಡದಲ್ಲಿ, ಸೊಲ್ಲು (ಮತ್ತೆ ಮತ್ತೆ ಬರುವ ಸಾಲು) ತೆಲುಗಿನಲ್ಲಿ. ನಮ್ಮ ಕಡೆ ಇದೇನೂ ಹೊಸದಲ್ಲ. ಕೈವಾರ ತಾತಯ್ಯನವರೇ ಎರಡೂ ಭಾಷೆಯಲ್ಲಿ ತತ್ವಪದ ಹಾಡಿದವರು. ಬೆಂಗಳೂರಿನ ಒಬ್ಬ ಪರಿಚಯದವರು ಕೇಳಿ, ಪೂರ್ತಿ ಕನ್ನಡ ಮಾಡಿಬಿಡಿ, ಜನಕ್ಕೆ ತಲುಪುತ್ತದೆ ಅಂದರು. ಮಾಡುವುದಿಲ್ಲ. ಅಜ್ಜಿ ಹಾಡುವುದೇ ಹಾಗೆ.

ಕಷ್ಟ ಇದ್ದದ್ದು ಕೀಬೋರ್ಡಿನಲ್ಲಿ. ಪದದ ಧಾಟಿಯಲ್ಲಿ ಇರುವುದು ನಾಲ್ಕೈದು ಸ್ವರ. ಅದರ ಕೆಳಗೆ ಕಾರ್ಡ್‌ಗಳನ್ನು ಜೋಡಿಸಿದ ಕೂಡಲೇ ಸಿನಿಮಾ ಹಾಡಾಗುತ್ತದೆ. ಮೇಜರ್ ಹಾಕಿದರೆ ಖುಷಿ, ಮೈನರ್ ಹಾಕಿದರೆ ಅಳು. ಅಜ್ಜಿಯ ದನಿಯಲ್ಲಿ ಇವೆರಡೂ ಇಲ್ಲ, ಅವರು ಸುಮ್ನೆ ಹೇಳುತ್ತಾ ಹೋಗುತ್ತಾರೆ. ಬಹಳ ತೆಗೆದು ತೆಗೆದು ಕೊನೆಗೆ ಷಡ್ಜ, ಪಂಚಮ (ಸ, ಪ) ಎರಡೇ ಉಳಿದವು. ಕೀಬೋರ್ಡಿನವಳಿಗೆ ಮೊದಲು ಬೇಜಾರಾಯಿತು, ಇಷ್ಟಕ್ಕೆ ನಾನು ರೈಲು ಹತ್ತಿ ಬರಬೇಕಾ ಅಂದಳು. ಈಗ ಅವಳು ಆ ಎರಡು ಸ್ವರದ ಬಣ್ಣ ಬದಲಿಸುವುದರಲ್ಲೇ ಮುಳುಗಿದ್ದಾಳೆ. ಒಂದು ಕಡೆ ಹಾರ್ಮೋನಿಯಂ ಥರ, ಇನ್ನೊಂದು ಕಡೆ ಕೊಳೆ ಹಿಡಿದ ಸಿಂಥ್.

ಅಜ್ಜಿಯ ಶ್ರುತಿ ದಿನಕ್ಕೊಂದು. ಅವರು ಹಾಡಲು ಶುರು ಮಾಡಿದ ಮೇಲೆ ನಾವು ಶ್ರುತಿ ಹುಡುಕಿಕೊಳ್ಳುತ್ತೇವೆ. ಕೀಬೋರ್ಡಿಗೆ ಟ್ರಾನ್ಸ್‌ಪೋಸ್ ಬಟನ್ ಇದೆ, ಒತ್ತಿದರೆ ಶ್ರುತಿ ಬದಲಾಗುತ್ತದೆ, ನನಗೆ ಬೆರಳುಗಳಿವೆ. ಸಾಲಿನ ಉದ್ದವೂ ಅವರ ಉಸಿರಿಗೆ ತಕ್ಕಂತೆ. ಕೈಬಿಟ್ಟ ಹಾಡು ಬಿಟ್ಟಿದ್ದು ಇದಕ್ಕೇ. ಆ ಸೋಬಾನೆ ಪದವನ್ನು ತಾಳಕ್ಕೆ ಕೂರಿಸಿದರೆ ಪದ ಸಾಯುತ್ತಿತ್ತು, ಪದ ಉಳಿಸಿದರೆ ನಾವ್ಯಾರೂ ಬೇಕಿರಲಿಲ್ಲ. ಅಜ್ಜಿ ಒಬ್ಬರೇ ಹಾಡಿದ್ದನ್ನು ಹಾಗೇ ಇಟ್ಟುಕೊಂಡಿದ್ದೇವೆ.

ಆಗಸ್ಟ್ ಕೊನೆ

ಹಾಡು ಹೊರಗೆ ಬಿಡುವ ಮುಂಚೆ ಕಾಗದದ ಕೆಲಸ. ಅಪ್‌ಲೋಡ್ ಮಾಡುವಾಗ ಸಂಗೀತ ಯಾರದು ಅಂತ ಕೇಳುತ್ತದೆ. ಎಲ್ಲರೂ ಅಲ್ಲಿ ‘ಜನಪದ’ ಅಂತ ಬರೆದು ಮುಂದೆ ಹೋಗುತ್ತಾರೆ. ಆಗ ದುಡ್ಡು ಬಂದರೆ ಅರೇಂಜ್ ಮಾಡಿದವರಿಗೆ ಮಾತ್ರ. ಪದ ಕಟ್ಟಿದವರು ಯಾರು ಅಂತ ಗೊತ್ತಿಲ್ಲದಿರಬಹುದು, ಆದರೆ ಹಾಡಿದವರು, ಬಾರಿಸಿದವರು ನಮ್ಮ ಎದುರಿಗೇ ಇದ್ದಾರಲ್ಲ. ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಪ್ರದರ್ಶಕರ ಹಕ್ಕು ಅಂತ ಬೇರೆಯೇ ಇದೆ, 50 ವರ್ಷ ಇರುತ್ತದೆ. 2012ರ ತಿದ್ದುಪಡಿಯ ನಂತರ ಪ್ರದರ್ಶನವನ್ನು ವ್ಯಾಪಾರಕ್ಕೆ ಬಳಸಿದರೆ ಪ್ರದರ್ಶಕರಿಗೂ ರಾಯಲ್ಟಿ ಸಲ್ಲಬೇಕು.

ನಮ್ಮಲ್ಲಿ ಮಾಡಿಕೊಂಡಿರುವುದು ಸರಳ. ಎಲ್ಲರಿಗೂ ಸಮಪಾಲು. ಪದ ಕೊಟ್ಟವರು ಅಂತ ಅಜ್ಜಿಯ ಹೆಸರು, ಲಯ ಅಂತ ದೊಡ್ಡಪ್ಪನ ಹೆಸರು, ಆಮೇಲೆ ನಾವು. ಒಂದು ಪುಟ ಕನ್ನಡದಲ್ಲಿ ಬರೆದು, ಓದಿ ಹೇಳಿ, ಎಲ್ಲರೂ ಸಹಿ ಹಾಕಿದೆವು. ಅಜ್ಜಿ ಹೆಬ್ಬೆಟ್ಟು ಒತ್ತುವ ಮುಂಚೆ, "ಇದು ನಮ್ಮಮ್ಮ ಹೇಳ್ಕೊಟ್ಟಿದ್ದು, ಅವಳ ಹೆಸರೂ ಬರಿ" ಅಂದರು. ಬರೆದೆವು.

ಈಗ ಉಳಿದಿರುವುದು

ನಾಲ್ಕನೇ ಹಾಡು ಕೀಲುಕುದುರೆ ಕುಣಿತದ (ಸೊಂಟಕ್ಕೆ ಬೊಂಬೆ ಕುದುರೆ ಕಟ್ಟಿಕೊಂಡು ಕುಣಿಯುವುದು) ಗತ್ತಿನದು. ಅದಕ್ಕೆ ಸ್ಟುಡಿಯೋ ಥರದ ಜಾಗ ಆಗುತ್ತಿಲ್ಲ. ಕುಣಿಯುವವರು ಎದುರಿಗೆ ಇಲ್ಲದಿದ್ದರೆ ದೊಡ್ಡಪ್ಪನ ಕೈ ಏರುತ್ತಿಲ್ಲ. ಆದ್ದರಿಂದ ಇದನ್ನು ಬಯಲಲ್ಲೇ, ಜನರ ಮುಂದೆ ರೆಕಾರ್ಡ್ ಮಾಡುವ ಯೋಚನೆ ಇದೆ. ತೇರಹಳ್ಳಿ ಬೆಟ್ಟದಲ್ಲಿ ಆದಿಮ ಸಾಂಸ್ಕೃತಿಕ ಕೇಂದ್ರದವರು ನಡೆಸುವ ‘ಹುಣ್ಣಿಮೆ ಹಾಡು’ ಕಾರ್ಯಕ್ರಮಕ್ಕೆ ನಮ್ಮಲ್ಲಿ ಕೆಲವರು ಕೇಳುಗರಾಗಿ ಹೋಗಿ ಬಂದವರು. ಬಯಲಲ್ಲಿ ತಮಟೆ ಹೇಗೆ ಹರಡುತ್ತದೆ ಅಂತ ಅಲ್ಲಿ ಕೇಳಿದ್ದು ಕಿವಿಯಲ್ಲಿದೆ. ನಾವು ಸದ್ಯಕ್ಕೆ ದೊಡ್ಡಪ್ಪನ ಊರಿನ ಅರಳಿಕಟ್ಟೆಯ ಮುಂದೆ ಮಾಡೋಣ ಅಂದುಕೊಂಡಿದ್ದೇವೆ. ಕೀಲುಕುದುರೆಯವರ ಜೊತೆ ಮಾತಾಗಿದೆ, ಗಣೇಶನ ಹಬ್ಬದ ಕಾರ್ಯಕ್ರಮಗಳೆಲ್ಲ ಮುಗಿದ ಮೇಲೆ ಬರುತ್ತಾರೆ.

ಅಲ್ಲಿಯವರೆಗೆ ಆಗಬೇಕಾದ್ದು: ಮೊದಲ ಹಾಡಿನ ಮಿಕ್ಸ್‌ನಲ್ಲಿ ತಮಟೆಯ ಚಟಪಟ ಅಜ್ಜಿಯ ಮಾತಿನ ಮೇಲೆ ಬೀಳುತ್ತಿದೆ, ಅದರ ಚೂಪು ಸದ್ದನ್ನು 3 ಕಿಲೋಹರ್ಟ್ಸ್ ಹತ್ತಿರ ಸ್ವಲ್ಪ ಇಳಿಸಿ ನೋಡಬೇಕು. ಅರಳಿಕಟ್ಟೆ ಹತ್ತಿರ ಕರೆಂಟು ಎಲ್ಲಿಂದ ಎಳೆಯುವುದು ಅಂತ ತೀರ್ಮಾನ ಆಗಬೇಕು. ಗಾಳಿಗೆ ಮೈಕಿನ ಟೋಪಿ ಬೇಕು. ಕೋಲಾರ, ಬಂಗಾರಪೇಟೆ ಕಡೆಯವರು ಯಾರ ಹತ್ತಿರವಾದರೂ ಎತ್ತರದ ಮೈಕ್ ಸ್ಟ್ಯಾಂಡ್ ಎರಡು ಇದ್ದರೆ ಒಂದು ದಿನಕ್ಕೆ ಕೊಡಿ, ನಾವೇ ಬಂದು ತೆಗೆದುಕೊಂಡು ಹೋಗಿ ವಾಪಸ್ ತಂದುಕೊಡುತ್ತೇವೆ.