ಗಾಡಿ ನೆಲಕ್ಕಿಳಿಸಿದ ಮೇಲೆ ಬಿಗಿಯುವ ಬೋಲ್ಟ್

ಮೂರು ತಿಂಗಳಲ್ಲಿ ಎರಡು ಸಲ ಅದೇ ಗಾಡಿ ವಾಪಸ್ ಬಂತು. ಅದೇ ಆವಾಜ್, ಅದೇ ಎಡಗಡೆಯ ಮುಂದಿನ ಚಕ್ರ.

"ಉಸ್ತಾದ್, ಮತ್ತ ಖಡ್ ಖಡ್ ಅನ್ಲತ್ತದ ನೋಡ್ರಿ" ಅಂತ ಕಾಕಾ ಬಾಗಿಲಲ್ಲೇ ನಿಂತು ಹೇಳಿದರು. ಬೈಯಲಿಲ್ಲ. ಬೈದಿದ್ದರೆ ನನಗೆ ಸ್ವಲ್ಪ ಹಗುರ ಆಗುತ್ತಿತ್ತು.

ನನ್ನದು ಕಲಬುರಗಿಯಲ್ಲಿ, ಹುಮನಾಬಾದ್ ರಿಂಗ್ ರೋಡ್ ಕಡೆ ಒಂದು ಸಣ್ಣ ಗ್ಯಾರೇಜ್. ಕಾಕಾ ಹಿರಿಯ ಟ್ಯಾಕ್ಸಿ ಡ್ರೈವರ್. ಅವರ ಡಿಸೈರ್ ಕಾರು ಆಗ 2,40,000 ಕಿಲೋಮೀಟರ್ ದಾಟಿತ್ತು. ವಾರಕ್ಕೊಮ್ಮೆ ಹೈದರಾಬಾದ್, ಹುಣ್ಣಿಮೆ ಬಂದರೆ ಗಾಣಗಾಪುರ, ಉಳಿದ ದಿನ ಸೇಡಂ ಕಡೆ ಸಿಮೆಂಟ್ ಫ್ಯಾಕ್ಟರಿಗೆ ಬಂದುಹೋಗುವವರ ಬಾಡಿಗೆ. ನಮ್ಮ ಕಡೆ ರಸ್ತೆಯ ಕೆಳಗೆ ಇರೋದು ಎರಿ ಮಣ್ಣು. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ಮೇಲಿನ ಡಾಂಬರೂ ಅದರ ಜೊತೆಗೇ ಏಳುತ್ತದೆ, ಕೂರುತ್ತದೆ. ಅದರ ಮೇಲೆ ಲೋಡ್ ಲಾರಿಗಳು ಓಡುತ್ತವೆ. ಆ ಹೊಡೆತವೆಲ್ಲ ಕೊನೆಗೆ ಬೀಳೋದು ಗಾಡಿಯ ಅಡಿಯಲ್ಲಿ ಕೀಲುಗಳಿಗೆ ಹಾಕಿರುವ ನಾಲ್ಕಾರು ರಬ್ಬರ್ ಬುಷ್‌ಗಳ ಮೇಲೆ.

ಮೊದಲ ಸಲ ಬಂದಾಗ ರೋಗವನ್ನು ಸರಿಯಾಗಿಯೇ ಹಿಡಿದಿದ್ದೆ. ಟೈರಿನ ಮೇಲೆ ಅಂಗೈ ಸವರಿದೆ. ಒಳಗಡೆಗೆ ಸವರಿದರೆ ನುಣ್ಣಗೆ, ಹೊರಗಡೆಗೆ ಸವರಿದರೆ ಚುಚ್ಚುತ್ತಿತ್ತು. ಟೋ, ಅಂದರೆ ಮುಂದಿನ ಚಕ್ರಗಳು ನೇರ ನೋಡುವ ಕೋನ, ಹೋಗಿದೆ ಅಂತ ಅಲ್ಲೇ ಗೊತ್ತಾಯಿತು. ಜಾಕ್ ಹಾಕಿ ಚಕ್ರದ ಎರಡೂ ಪಕ್ಕ ಹಿಡಿದು ಅಲುಗಿಸಿದೆ. ಹುಡುಗ ಟೈ ರಾಡ್ ಎಂಡ್ (ಸ್ಟೀರಿಂಗನ್ನು ಚಕ್ರಕ್ಕೆ ಸೇರಿಸುವ ಕೀಲು) ಮೇಲೆ ಬೆರಳಿಟ್ಟಿದ್ದ. ಟಕ್ ಅನ್ನೋದು ಕಿವಿಗಿಂತ ಮೊದಲು ಬೆರಳಿಗೆ ತಿಳಿಯುತ್ತದೆ. ಆಮೇಲೆ ಮೇಲೆ ಕೆಳಗೆ ಹಿಡಿದು ಅಲುಗಿಸಿದರೆ ಅಲ್ಲೂ ಲೂಸ್. ಇಲ್ಲಿ ಬಾಲ್ ಜಾಯಿಂಟೋ (ಚಕ್ರವನ್ನು ಗಾಡಿಯ ಅಡಿಗೆ ಹಿಡಿದಿಡುವ ಲೋವರ್ ಆರ್ಮ್ ಅನ್ನೋ ತೋಳಿನ ತುದಿಯ ಕೀಲು) ಚಕ್ರದ ಬೇರಿಂಗೋ ಅನ್ನೋ ಗೊಂದಲ ಬರುತ್ತದೆ. ಹುಡುಗನಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿದೆ. ಬ್ರೇಕ್ ಒತ್ತಿದಾಗ ಅಲುಗಾಟ ನಿಂತರೆ ಬೇರಿಂಗ್. ನಿಲ್ಲಲಿಲ್ಲ, ಹಾಗಾಗಿ ಬಾಲ್ ಜಾಯಿಂಟ್. ಸ್ಟೆಬಿಲೈಸರ್ ರಾಡ್‌ಗೆ (ತಿರುವಿನಲ್ಲಿ ಗಾಡಿ ವಾಲದ ಹಾಗೆ ಎರಡೂ ಕಡೆ ಸೇರಿಸುವ ಸರಳು) ಜೋಡಿಸುವ ಲಿಂಕ್ ರಾಡ್ ಮಾತ್ರ ಎರಡೂ ಚಕ್ರ ನೆಲದ ಮೇಲಿದ್ದಾಗ ನೋಡಿದೆ. ಒಂದೇ ಚಕ್ರ ಎತ್ತಿದರೆ ಸ್ಟೆಬಿಲೈಸರ್ ರಾಡ್ ತಿರುಚಿಕೊಂಡು ಲಿಂಕನ್ನು ಒತ್ತಿ ಹಿಡಿಯುತ್ತದೆ, ಹೋಗಿರುವ ಲಿಂಕ್ ಕೂಡ ಗಟ್ಟಿ ಇದ್ದಂಗೆ ಅನಿಸುತ್ತದೆ. ಇದು ಎಷ್ಟೋ ಜನ ಮಿಸ್ತ್ರಿಗಳಿಗೆ ಮೋಸ ಮಾಡಿದೆ.

ಎರಡೂ ಕಡೆ ಟೈ ರಾಡ್ ಎಂಡ್, ಲೋವರ್ ಆರ್ಮ್, ಲಿಂಕ್ ರಾಡ್ ಹಾಕಿದೆ. ಇಷ್ಟು ಓಡಿದ ಗಾಡಿಗೆ ಒಂದೇ ಕಡೆ ಹಾಕಿದರೆ ಹಳೆಯ ಕಡೆಗೂ ಹೊಸ ಕಡೆಗೂ ಹೊಂದೋದಿಲ್ಲ, ನಾಲ್ಕು ತಿಂಗಳಿಗೆ ಮತ್ತೆ ಬಿಚ್ಚಬೇಕು. ಚಕ್ರದ ಕೋನ ಸರಿಪಡಿಸುವ ಅಲೈನ್‌ಮೆಂಟ್ ಮಾಡಿಸಿ ಕೊಟ್ಟೆ. ಗಾಡಿ ಹೂವಿನ ಹಾಗೆ ಹೋಯಿತು.

ಆರು ವಾರಕ್ಕೆ ಎಡಗಡೆಯ ಲೋವರ್ ಆರ್ಮ್‌ನ ಬುಷ್ ಹರಿದಿತ್ತು.

ನಾನು ಸೀದಾ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಿ ಜಗಳ ಆಡಿದೆ. ಡುಪ್ಲಿಕೇಟ್ ಮಾಲು ಕೊಟ್ಟಿದ್ದೀರಿ ಅಂದೆ. ಅವರು ಪಾಪ, ಏನೂ ಅನ್ನದೆ ಬೇರೆ ಆರ್ಮ್ ಕೊಟ್ಟರು. ಅದನ್ನೂ ಹಾಗೇ ಹಾಕಿದೆ. ಅದೂ ಹರಿಯಿತು.

ಆ ಮಧ್ಯಾಹ್ನ ಬೇರೆ ಕೆಲಸ ಬಿಟ್ಟು, ಗ್ಯಾರೇಜಿನ ಶಹಾಬಾದ್ ಕಲ್ಲಿನ ಮೇಲೆ ಎರಡು ಆರ್ಮ್ ಪಕ್ಕ ಪಕ್ಕ ಇಟ್ಟುಕೊಂಡು ಕೂತೆ. ಒಂದು ಗಾಡಿಯಿಂದ ಮೊದಲು ಬಿಚ್ಚಿದ ಹಳೆಯದು. ಅದರ ಬುಷ್ ಬೂದು ಬಣ್ಣಕ್ಕೆ ತಿರುಗಿತ್ತು, ಏಪ್ರಿಲ್ ತಿಂಗಳ ಎರಿ ಹೊಲದ ಹಾಗೆ ಸುತ್ತಲೂ ಸಣ್ಣ ಸಣ್ಣ ಬಿರುಕು. ವಯಸ್ಸಾಗಿ ಸತ್ತ ರಬ್ಬರ್ ಅದು. ಹೊಸದರಲ್ಲಿ ರಬ್ಬರ್ ಇನ್ನೂ ಕಪ್ಪಗೆ ಹೊಳೆಯುತ್ತಿತ್ತು. ಉಗುರಿನಿಂದ ಒತ್ತಿದರೆ ಮೆತ್ತಗೆ ಹಿಂದೆ ಬರುತ್ತಿತ್ತು. ಬಿರುಕು ಇದ್ದದ್ದು ಒಂದೇ, ಮುಂದಿನ ಬುಷ್‌ನಲ್ಲಿ, ಒಳಗಿನ ಕಬ್ಬಿಣದ ಕೊಳವೆಯನ್ನು ಅಪ್ಪಿಕೊಂಡು ಬಿದಿಗೆ ಚಂದ್ರನ ಆಕಾರದಲ್ಲಿ. ಬುಷ್ ತಿರುಗಿಸಿ ಆಚೆ ಮುಖ ನೋಡಿದೆ. ಅಲ್ಲೂ ಅದೇ ಚಂದ್ರ. ಒಳ್ಳೆಯ ರಬ್ಬರನ್ನು ಯಾರೋ ಹಿಂಡಿ ಹರಿದ ಹಾಗಿತ್ತು.

ಹಿಂಡಿದ್ದು ನಾನೇ.

ಬುಷ್ ಹೇಗೆ ಕೆಲಸ ಮಾಡುತ್ತದೆ ಅಂತ ಹತ್ತು ವರ್ಷ ಕೆಲಸ ಮಾಡಿದ ಮೇಲೂ ನಾನು ಕೂತು ಯೋಚಿಸಿರಲಿಲ್ಲ. ಹೊರಗೆ ಒಂದು ಕಬ್ಬಿಣದ ಬಳೆ, ಅದು ಆರ್ಮ್‌ಗೆ ಕೂತಿರುತ್ತದೆ. ಒಳಗೆ ಒಂದು ಕೊಳವೆ, ಬೋಲ್ಟ್ ಬಿಗಿದಾಗ ಅದು ಚಾಸಿ (ಗಾಡಿಯ ಚೌಕಟ್ಟು) ಕಡೆ ಕಚ್ಚಿಕೊಳ್ಳುತ್ತದೆ. ಎರಡರ ನಡುವೆ ರಬ್ಬರ್, ಎರಡಕ್ಕೂ ಅಂಟಿಕೊಂಡು. ಬಾಗಿಲ ಕೀಲಿನ ಹಾಗೆ ಅದು ಜಾರಿ ತಿರುಗೋದಿಲ್ಲ. ಚಕ್ರ ಮೇಲೆ ಕೆಳಗೆ ಹೋದಾಗ ರಬ್ಬರೇ ಆ ಕಡೆ ಈ ಕಡೆ ತಿರುಚಿಕೊಂಡು ಮತ್ತೆ ತನ್ನ ಜಾಗಕ್ಕೆ ಬರಬೇಕು. ಆ ಜಾಗ ಯಾವುದು ಅಂತ ತೀರ್ಮಾನ ಆಗೋದು ಬೋಲ್ಟ್ ಬಿಗಿಯುವ ಕ್ಷಣದಲ್ಲಿ.

ನಾನು ಗಾಡಿ ಜಾಕ್ ಮೇಲಿದ್ದಾಗಲೇ ಬಿಗಿಯುತ್ತಿದ್ದೆ. ಆಗ ಚಕ್ರ ಜೋತು ಬಿದ್ದಿರುತ್ತದೆ, ಆರ್ಮ್ ಕೆಳಗಿರುತ್ತದೆ. ಗಾಡಿ ಇಳಿಸಿದ ತಕ್ಷಣ ಆರ್ಮ್ ಮೇಲೇಳುತ್ತದೆ, ರಬ್ಬರ್ ಅಲ್ಲಿಂದಲೇ ತಿರುಚಿಕೊಂಡು ನಿಲ್ಲುತ್ತದೆ. ಗಾಡಿ ಸುಮ್ನೆ ನಿಂತಾಗಲೂ ಅದಕ್ಕೆ ವಿಶ್ರಾಂತಿ ಇಲ್ಲ. ಸೇಡಂ ರಸ್ತೆಯ ಒಂದೊಂದು ಗುಂಡಿಗೂ ಇನ್ನಷ್ಟು ತಿರುಚುತ್ತದೆ. ಪಾನಾ ಹಿಡಿಯುವ ಕೈಗೆ ಇದು ಗೊತ್ತೇ ಆಗೋದಿಲ್ಲ. ಬೋಲ್ಟ್ ಗಟ್ಟಿಯಾಗಿ ಕೂತಿರುತ್ತದೆ, ಕೆಲಸ ಚೆನ್ನಾಗಿ ಕಾಣುತ್ತದೆ.

ಮೂರನೇ ಸಲ ಆರ್ಮ್ ಹಾಕಿದಾಗ ಬುಷ್ ಬೋಲ್ಟ್‌ಗಳನ್ನು ಕೈಯಲ್ಲಿ ತಿರುಗಿಸಿ, ಪಾನಾದಲ್ಲಿ ಸ್ವಲ್ಪ ಹಿಡಿಸಿ ಬಿಟ್ಟೆ. ಬಾಲ್ ಜಾಯಿಂಟ್, ಟೈ ರಾಡ್ ನಟ್‌ಗಳನ್ನು ಮಾತ್ರ ಪೂರ್ತಿ ಬಿಗಿದೆ. (ನಟ್ ಸಡಿಲವಾಗದ ಹಾಗೆ ತೂರಿಸುವ ಸ್ಪ್ಲಿಟ್ ಪಿನ್‌ಗೆ ತೂತು ಹೊಂದದೆ ಹೋದರೆ ನಟ್ ಇನ್ನೂ ಸ್ವಲ್ಪ ಮುಂದಕ್ಕೆ ಬಿಗಿಯಬೇಕು, ಪಿನ್ ಕೂರಲಿ ಅಂತ ಹಿಂದಕ್ಕೆ ಸಡಿಲ ಮಾಡಬಾರದು. ಇದು ಜೀವದ ಮಾತು.) ಆಮೇಲೆ ನಾಲ್ಕು ಚಕ್ರದ ಕೆಳಗೂ ಬೇವಿನ ಮರದ ದಪ್ಪ ದಿಮ್ಮಿ ಇಟ್ಟು ಗಾಡಿ ಇಳಿಸಿದೆ. ಬಾನೆಟ್ ಮೇಲೆ ಕೈಯಿಟ್ಟು ನಾಲ್ಕೈದು ಸಲ ಜೋರಾಗಿ ಒತ್ತಿ ಬಿಟ್ಟೆ, ಸ್ಪ್ರಿಂಗ್ ತನ್ನ ಮಟ್ಟಕ್ಕೆ ಕೂತುಕೊಳ್ಳಲಿ ಅಂತ. ಹ್ಯಾಂಡ್‌ಬ್ರೇಕ್ ಎಳೆದು, ದಿಮ್ಮಿ ಅಲುಗದ ಹಾಗೆ ಹಿಂದೆ ಮುಂದೆ ಕಲ್ಲು ಕೊಟ್ಟು, ಪಕ್ಕಕ್ಕೆ ಸ್ಟ್ಯಾಂಡ್ ಇಟ್ಟು ಕೆಳಗೆ ಹೋದೆ. ಗಾಡಿಯ ಭಾರ ಚಕ್ರದ ಮೇಲೆ ಇರುವಾಗಲೇ ಟಾರ್ಕ್ ರೆಂಚ್‌ನಿಂದ (ಎಷ್ಟು ಬಿಗಿದಿದೆ ಅಂತ ಅಳೆದು ತೋರಿಸುವ ಪಾನಾ), ಕಂಪನಿ ಹೇಳಿದ ಅಳತೆಗೆ ಬಿಗಿದೆ. ಅಲೈನ್‌ಮೆಂಟ್ ಇದರ ನಂತರ. ಮೊದಲೇ ಮಾಡಿಸಿದರೆ ಆ ದುಡ್ಡು ನೀರಿಗೆ ಹೋದ ಹಾಗೆ.

ಈ ಸಲದ ದುಡ್ಡು ಕಾಕಾ ಅವರಿಂದ ತಗೊಳ್ಳಲಿಲ್ಲ. "ತಪ್ಪು ನಂದದ ಕಾಕಾ, ಮಾಲಿಂದಲ್ಲ" ಅಂತ ಹೇಳಿದೆ. ಹೇಳುವಾಗ ಮೈಯೆಲ್ಲ ಬೆವರಿತ್ತು. ಅವರು ಭುಜದ ಮೇಲೆ ಕೈಯಿಟ್ಟು, "ಹೇಳಿದ್ರಲ್ಲ, ಸಾಕು ಬಿಡ್ರಿ" ಅಂದರು. ಸಂಜೆ ಸ್ಪೇರ್ ಪಾರ್ಟ್ಸ್ ಅಂಗಡಿಗೂ ಹೋದೆ. ಜಗಳ ಆಡಿದ್ದು ನಾಲ್ಕು ಜನರ ಮುಂದೆ, ಹಾಗಾಗಿ ತಪ್ಪಾಯಿತು ಅನ್ನೋದನ್ನೂ ನಾಲ್ಕು ಜನ ಇದ್ದಾಗಲೇ ಹೇಳಿದೆ.

ಗಾಡಿ ಈಗ 3,00,000 ಕಿಲೋಮೀಟರ್ ದಾಟಿದರೂ ಆ ಬುಷ್‌ಗಳು ಅದರಲ್ಲೇ ಇವೆ. ಆವಾಜ್ ಇಲ್ಲ, ಗಾಡಿ ಒಂದು ಕಡೆಗೆ ಎಳೆಯೋದಿಲ್ಲ.

ನಮ್ಮ ಗ್ಯಾರೇಜಿನಲ್ಲಿ ಈಗ ಹಳದಿ ಬಣ್ಣದ ಒಂದು ಸಣ್ಣ ಡಬ್ಬಿ ಇದೆ. ಗಾಡಿ ದಿಮ್ಮಿ ಮೇಲೆ ನಿಂತಾಗ ಬಿಗಿದ ಬೋಲ್ಟ್‌ಗೆ ಮಾತ್ರ ಆ ಬಣ್ಣದ ಒಂದು ಗೆರೆ. ಗೆರೆ ಇಲ್ಲದ ಗಾಡಿ ಹೊರಗೆ ಹೋಗೋ ಹಾಗಿಲ್ಲ. ನಿನ್ನೆ ಸಂಜೆ ಒಂದು ಗಾಡಿ ಮುಗಿಸಿ ನಾನು ಕೈ ತೊಳೆಯುತ್ತಿದ್ದೆ. ಗಾಡಿಯ ಮಾಲೀಕರು ಬೀಗದ ಕೈ ಕೇಳುತ್ತಾ ನಿಂತಿದ್ದರು. ಅಡಿಯಿಂದ ಹುಡುಗನ ದನಿ ಬಂತು: "ಬ್ಯಾಟರಿ ಹಿಡೀರಿ ಉಸ್ತಾದ್, ಎಡಗಡೆ ಒಂದಕ್ಕ ಗೆರಿ ಇಲ್ಲ."