ಒಂದು ಮೇಕೆ, ಅಷ್ಟೇ

ಭಾನುವಾರ ರಾತ್ರಿ ಮಾಟುಂಗಾದಲ್ಲಿ ಸ್ಲೋ ಲೋಕಲ್ ಹತ್ತಿದೆ. ಘಾಟ್ಕೋಪರ್ ದಾಟಿದ ಮೇಲೆ ಕೂರೋಕೆ ಜಾಗ ಸಿಕ್ಕಿತು. ಮೊಬೈಲ್ ತೆಗೆದರೆ ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ, ನನ್ನ ಫೋಟೋದ ಕೆಳಗೆ, ಒಂದು ಮೇಕೆಯ ಇಮೋಜಿ. ಕೊಂಬು, ಗಡ್ಡ ಎಲ್ಲ ಇದೆ. ಹಾಕಿದವಳು ಪುಣೆಯಲ್ಲಿ ಓದುತ್ತಿರುವ ಅಣ್ಣನ ಮಗಳು. ಹಿಂದೆ ಮುಂದೆ ಒಂದಕ್ಷರ ಇಲ್ಲ.

ಅವತ್ತು ನಮ್ಮ ಸಂಘದ ಕಾರ್ಯಕ್ರಮ. ನಿರೂಪಣೆ ಮಾಡಬೇಕಿದ್ದವರು ಮಧ್ಯಾಹ್ನ ಫೋನ್ ಮಾಡಿ ಜ್ವರ ಅಂದರು (ಹಿಂದೆ ಮದುವೆ ಮನೆಯ ವಾಲಗ ಕೇಳಿಸುತ್ತಿತ್ತು, ಇರಲಿ). ಮೈಕು ನನ್ನ ಕೈಗೆ ಬಂತು. ಅದರ ಜೊತೆಗೆ ಊಟದ ಕೂಪನ್ನೂ ಬಂತು, ಕುರ್ಚಿ ಎಣಿಸೋದೂ ಬಂತು, ಬಾಗಿಲಿಗೆ ಮಾವಿನ ತೋರಣ ಕಟ್ಟೋದೂ ಬಂತು. ವಂದನಾರ್ಪಣೆಯಲ್ಲಿ ಎಲ್ಲರ ಹೆಸರೂ ಇತ್ತು. ಓದಿದವನು ನಾನೇ ಆದ್ದರಿಂದ ನನ್ನದು ಬರಲಿಲ್ಲ.

ಮುಂಬಯಿಯಲ್ಲಿ ಮೂವತ್ತು ವರ್ಷ ಇದ್ದವನಿಗೆ ಈ ಪ್ರಾಣಿಗೆ ಒಂದೇ ಅರ್ಥ. ಬಕ್ರಾ. ಕೊಟೇಶನ್ ಕೇಳದೆ ಪೇಂಟಿಂಗ್ ಮಾಡಿಸಿದವನು ಬಕ್ರಾ, ಬೇರೆಯವರು ಜಾರಿಕೊಂಡ ಕೆಲಸಕ್ಕೆ ತಲೆ ಕೊಟ್ಟವನು ಬಕ್ರಾ. ಉಳಿದವರೆಲ್ಲ ಕೈ ಮುಗಿದಿದ್ದಾರೆ, ಚಪ್ಪಾಳೆ ಹಾಕಿದ್ದಾರೆ. ಇವಳೊಬ್ಬಳು ಮೇಕೆ. ಮುಲುಂಡ್ ಬರೋವರೆಗೆ ಅದನ್ನೇ ನೋಡಿದೆ, ಠಾಣೆಯಲ್ಲಿ ಮತ್ತೆ ತೆಗೆದು ನೋಡಿದೆ. ಎತ್ತಿ ಆಡಿಸಿದ ಮಗು ಅಲ್ವಾ, ಅದಕ್ಕೇ ಜಾಸ್ತಿ ಚುಚ್ಚಿತು. ಡೊಂಬಿವಲಿಯಲ್ಲಿ ಮನೆ ಸೇರಿ ಹೆಂಡತಿಗೆ ತೋರಿಸಿದೆ. ಅವಳು ಚಪಾತಿ ಲಟ್ಟಿಸುತ್ತಲೇ ಬಗ್ಗಿ ನೋಡಿ, “ಹುಡುಗಿ ಚುರುಕಿದ್ದಾಳೆ ಕಣ್ರೀ” ಅಂದಳು.

ಬುಧವಾರ ತಡೆಯಲಾರದೆ ಫೋನ್ ಮಾಡಿ ಕೇಳಿಯೇಬಿಟ್ಟೆ.

“ಅಯ್ಯೋ ಚಿಕ್ಕಪ್ಪಾ, ಬಕ್ರಾ ಅಲ್ಲ, ಗೋಟ್! ಗ್ರೇಟೆಸ್ಟ್ ಆಫ್ ಆಲ್ ಟೈಮ್, ಮೊದಲಕ್ಷರ ಸೇರಿಸಿದ್ರೆ G-O-A-T. ಮೆಸ್ಸಿಗೆ ಹಾಕ್ತೀವಲ್ಲ, ಅದೇ!”

ಮೆಸ್ಸಿ ಸಾಲಿಗೆ ನಾನು. ಅದೂ ಕೂಪನ್ ಹರಿದು. ಮೂರು ದಿನದ ಮುನಿಸು ಎಲ್ಲಿಡೋದು ಗೊತ್ತಾಗದೆ “ಊಟ ಆಯ್ತಾ” ಅಂದೆ.

ಆಮೇಲೆ ಹುಡುಕಿ ಓದಿದೆ. ಬಾಕ್ಸರ್ ಮಹಮ್ಮದ್ ಅಲಿ ತನ್ನನ್ನು ತಾನೇ ‘ದ ಗ್ರೇಟೆಸ್ಟ್’ ಅಂತ ಹೇಳಿಕೊಂಡು ತಿರುಗಿದವನು. 1992ರಲ್ಲಿ ಅವನ ಹೆಂಡತಿ ಲಾನಿ ಈ ನಾಲ್ಕು ಇಂಗ್ಲಿಷ್ ಅಕ್ಷರದ ಹೆಸರಿನಲ್ಲೇ ಒಂದು ಕಂಪನಿ ಮಾಡಿದಳು. ಮೊಬೈಲಿನ ಮೇಕೆ ಯೂನಿಕೋಡ್ ಅನ್ನೋ ಅಕ್ಷರ-ಚಿಹ್ನೆಗಳ ಪಟ್ಟಿಗೆ ಸೇರಿದ್ದು 2010ರಲ್ಲಿ, ಟಗರು ಮತ್ತು ಕುರಿಯ ಜೊತೆಗೆ, ಸುಮ್ನೆ ಒಂದು ಸಾಕುಪ್ರಾಣಿಯಾಗಿ. ಕಿರೀಟ ಇಟ್ಟಿದ್ದು ಇಂಗ್ಲಿಷ್ ಅಕ್ಷರಗಳು. ನಾವು ‘ಸಾರ್ವಕಾಲಿಕ ಶ್ರೇಷ್ಠ’ವನ್ನು ಮೊಟಕು ಮಾಡಿದರೆ ಸಾಶ್ರೇ ಆಗುತ್ತೆ, ಯಾವ ಪ್ರಾಣಿಯೂ ಆಗಲ್ಲ.

ಸಮಾಧಾನ ಆಗಬೇಕಿತ್ತು. ಆದರೆ ಆ ಫೋಟೋ ಮತ್ತೆ ನೋಡಿದೆ. ಒಂದು ಕೈಯಲ್ಲಿ ಮೈಕು, ಇನ್ನೊಂದರಲ್ಲಿ ಕೂಪನ್ ಕಟ್ಟು, ಹೆಗಲ ಮೇಲೆ ಅತಿಥಿಗಳಿಗೆ ಹೊದಿಸಬೇಕಾದ ನಾಲ್ಕು ಶಾಲು, ತಲೆಯ ಹಿಂದೆ ತೋರಣ. ಒಂದೆಲೆ ಬಾಯಿಗೆ ಹಾಕಿಕೊಂಡಿದ್ದರೆ ಚಿತ್ರ ಪೂರ್ತಿಯಾಗುತ್ತಿತ್ತು. ಹುಡುಗಿ ಯಾವ ಅರ್ಥದಲ್ಲಿ ಹಾಕಿದ್ದರೂ ಮೇಕೆ ಸರಿಯಾದ ಜಾಗದಲ್ಲೇ ನಿಂತಿದೆ. “ನಿಮ್ಮಂಥವರು ಇನ್ನೊಬ್ಬರಿಲ್ಲ” ಅನ್ನೋ ಮಾತು ಈ ಮೂವತ್ತು ವರ್ಷದಲ್ಲಿ ಎಷ್ಟು ಸಲ ಕೇಳಿದ್ದೇನೋ. ಎಲ್ಲ ಮುಗಿಸಿ ಕುರ್ಚಿ ಮಡಚಿಟ್ಟ ಮೇಲೆ ಒಬ್ಬರೂ ಹೇಳಿದ್ದಿಲ್ಲ, ಯಾವಾಗಲೂ ಮಡಚೋಕೆ ಮುಂಚೆಯೇ. ನಾನೂ ಆಫೀಸಿನಲ್ಲಿ ಹೊಸ ಹುಡುಗನಿಗೆ ಹಾಗೇ ಹೇಳಿ ಶನಿವಾರದ ಕೆಲಸ ದಾಟಿಸಿದ್ದೇನೆ, ಸುಳ್ಳು ಯಾಕೆ ಹೇಳಲಿ.

ನಿನ್ನೆ ರಾತ್ರಿ ಸಂಘದ ಕಾರ್ಯದರ್ಶಿಗಳ ಫೋನ್. ಮುಂದಿನ ತಿಂಗಳು ಮತ್ತೊಂದು ಕಾರ್ಯಕ್ರಮ ಇದೆಯಂತೆ. “ನೀವಿಲ್ಲದಿದ್ದರೆ ಆಗೋದೇ ಇಲ್ಲ ಸರ್, ನಿಮ್ಮಂಥವರು...”

“ಆಯ್ತು, ನೋಡೋಣ” ಅಂದೆ.

ಅಡುಗೆಮನೆಯಿಂದ “ಬ್ಯಾ...” ಅಂತ ಒಂದು ದನಿ ಬಂತು.