ನೀರು ಕಾಯಿಸುವ ರಾಡ್ ಮತ್ತು ಮೂರನೆಯ ಪಿನ್

ಕಳೆದ ಚಳಿಗಾಲದಲ್ಲಿ ಅತ್ತೆಯವರ ಮನೆಯ ಬಚ್ಚಲಿನಲ್ಲಿ ನೀರು ಕಾಯಿಸುವ ರಾಡನ್ನು ಕಂಡು ನನಗೆ ನಿಜಕ್ಕೂ ಭಯವಾಯಿತು. ಸಂತೆಯಲ್ಲಿ ಕೊಂಡಿದ್ದ ಅದಕ್ಕೆ ಎರಡೇ ಪಿನ್ನಿನ ಪ್ಲಗ್ ಇತ್ತು. ಮೈಮೇಲೆ ಯಾವ ಗುರುತೂ ಇರಲಿಲ್ಲ.

ಪ್ಲಗ್‌ನ ಮೂರನೆಯ ಪಿನ್ ಉಳಿದೆರಡಕ್ಕಿಂತ ಉದ್ದವಾಗಿ ಇರುವುದು ಅರ್ಥಿಂಗ್ ಮೊದಲು ಕೂಡಿಕೊಂಡು ಕೊನೆಗೆ ಬಿಡಲಿ ಎಂಬ ಕಾರಣಕ್ಕೆ. ರಾಡಿನೊಳಗಿನ ನಿರೋಧಕ ಪದರ ಹಾಳಾಗಿ ಹೊರಗಿನ ಲೋಹಕ್ಕೆ 230 ವೋಲ್ಟ್ ತಗುಲಿದರೆ, ಆ ವಿದ್ಯುತ್ತನ್ನು ಭೂಮಿಗೆ ಇಳಿಸುವುದು ಅರ್ಥಿಂಗ್ ತಂತಿಯೇ. ಅದಿಲ್ಲದಿದ್ದರೆ ಬಿಸಿಯಾಯಿತೇ ಎಂದು ನೀರಿಗೆ ಬೆರಳಿಟ್ಟವರ ದೇಹವೇ ಅದಕ್ಕೆ ದಾರಿಯಾಗುತ್ತದೆ.

ಇಂತಹ ರಾಡ್, ಇಸ್ತ್ರಿಪೆಟ್ಟಿಗೆ, ಗೀಸರ್‌ಗಳಿಗೆ ಕೇಂದ್ರ ಸರ್ಕಾರದ 2003ರ ಗುಣಮಟ್ಟ ನಿಯಂತ್ರಣ ಆದೇಶವು ಐಎಸ್‌ಐ ಗುರುತನ್ನು ಕಡ್ಡಾಯಗೊಳಿಸಿತು. ರಾಡಿಗೆ ಅನ್ವಯಿಸುವ ಮಾನಕ ಐಎಸ್ 368. ಗುರುತಿನ ಮೇಲ್ಗಡೆ ಮಾನಕದ ಸಂಖ್ಯೆಯೂ ಕೆಳಗಡೆ ಸಿಎಂ/ಎಲ್ ಎಂದು ಆರಂಭವಾಗುವ ಪರವಾನಗಿ ಸಂಖ್ಯೆಯೂ ಇರಬೇಕು. ಎರಡನೆಯದನ್ನು ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಬಿಐಎಸ್ ಕೇರ್ ಆ್ಯಪ್‌ನಲ್ಲಿ ಯಾರು ಬೇಕಾದರೂ ಪರಿಶೀಲಿಸಬಹುದು. ಆದರೆ ಸಂತೆಯ ಅಂಗಡಿಗಳವರೆಗೂ ತಪಾಸಣೆ ತಲುಪದಿದ್ದರೆ ಈ ಆದೇಶದಿಂದ ಬಡವರ ಮನೆಗೆ ರಕ್ಷಣೆ ಸಿಗುವುದಿಲ್ಲವೆಂದೇ ನನ್ನ ದೃಢವಾದ ಅಭಿಪ್ರಾಯ.

ಅತ್ತೆಯವರಿಗೆ ಗುರುತಿರುವ ಹೊಸ ರಾಡ್ ತಂದುಕೊಟ್ಟೆವು. ಎಲೆಕ್ಟ್ರಿಷಿಯನ್ ಬಚ್ಚಲಿನ ಸಾಕೆಟ್ ಬಿಚ್ಚಿದಾಗ ಮೂರನೆಯ ತೂತಿನ ಹಿಂದೆ ತಂತಿಯೇ ಇರಲಿಲ್ಲ. ಅರ್ಥಿಂಗ್ ಎಳೆಸಿ, 30 ಮಿಲಿಆಂಪಿಯರ್ ಸೋರಿಕೆಗೇ ಕರೆಂಟ್ ಕಡಿಯುವ ಆರ್‌ಸಿಸಿಬಿಯನ್ನೂ ಕೂರಿಸಿದ ಮೇಲೆಯೇ ನಾವು ಊರಿನಿಂದ ಹೊರಟೆವು.